ಮನೆಯಂಗಳಕ್ಕೆ ಧರ್ಮೋಪದೇಶ ತಂದ ಸಂತ ಜೋಸೆಫ್ ವಾಜ್

ಧರ್ಮಸತ್ಯಗಳೆಂದರೆ ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಸಂಬಂಧಿಸಿದ ವಿಷಯ, ಸಂಸಾರಸ್ಥರಾದ ನಮಗೆ ಪ್ರಾರ್ಥನೆಯೊಂದಿದ್ದರೆ ಸಾಕು ಎಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಬಹುಕಾಲದಿಂದ ಬೇರೂರಿದೆ. ಮೊದಲ ಪರಮಪ್ರಸಾದ ಸ್ವೀಕಾರಕ್ಕೆ ಮುಂಚೆ ಮಕ್ಕಳು ಕೆಲವು ತಿಂಗಳು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡುತ್ತಾರೆ. ಸಮಾರಂಭ ಮುಗಿದ ಮೇಲೆ ಪುಸ್ತಕ ಕಪಾಟು ಸೇರುತ್ತದೆ. ಅದೇ ಮಗು ಬೆಳೆದು ನೌಕರಿಗೆ ಸೇರಿದಾಗ, ಮದುವೆಯಾದಾಗ, ಮನೆಯಲ್ಲಿ ಸಾವು ಸಂಭವಿಸಿದಾಗ, ಆ ಪ್ರಶ್ನೋತ್ತರಗಳಿಗೂ ತನ್ನ ಬದುಕಿಗೂ ಏನು ನಂಟು ಎಂಬುದು ಅದಕ್ಕೆ ಹೊಳೆಯುವುದಿಲ್ಲ. ವಿಶ್ವಾಸವು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ದಾಟುವ ಸೇತುವೆ ಶಿಥಿಲವಾಗುವುದು ಹೀಗೆ.

ಈ ಚಿಂತೆ ಹೊಸದಲ್ಲ. ಮುನ್ನೂರು ವರ್ಷಗಳಿಗೂ ಹಿಂದೆ ಇದೇ ಚಿಂತೆಯನ್ನು ಹೊತ್ತು ನಮ್ಮ ಕರಾವಳಿಯ ಊರೂರುಗಳಲ್ಲಿ ಬರಿಗಾಲಲ್ಲಿ ನಡೆದ ಯಾಜಕರೊಬ್ಬರಿದ್ದರು. ಮುಂದೆ ಸಮುದ್ರ ದಾಟಿ, ಯಾಜಕರೇ ಇಲ್ಲದ ನಾಡಿನಲ್ಲಿ ಸಾಮಾನ್ಯ ಜನರ ನಾಲಗೆಯ ಮೇಲೆ ಧರ್ಮಸಭೆಯನ್ನು ಮತ್ತೆ ಕಟ್ಟಿದರು. ಅವರೇ ಸಂತ ಜೋಸೆಫ್ ವಾಜ್. ಅವರ ಜೀವನವನ್ನು ಪವಾಡಗಳ ಕಥೆಯಾಗಿ ನಾವು ಕೇಳಿದ್ದೇವೆ. ಧರ್ಮೋಪದೇಶಕರಾಗಿ ಅವರು ಮಾಡಿದ ಕೆಲಸ ನಮಗೆ ಅಷ್ಟಾಗಿ ಪರಿಚಿತವಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜೋಸೆಫ್ ವಾಜ್ ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬೆನೌಲಿಂ ಎಂಬ ಊರಿನಲ್ಲಿ. ಅದು ಅವರ ತಾಯಿ ಮರಿಯಾ ದೆ ಮಿರಾಂದಾ ಅವರ ತವರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕವಾಳದವರು. ಕೊಂಕಣಿ ಮಾತನಾಡುವ ಭಕ್ತ ಕುಟುಂಬವದು. ಬಾಲಕನು ಸಾಂಕವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬೆನೌಲಿಂನಲ್ಲಿ ಲತೀನ್ ಭಾಷೆಯನ್ನೂ ಕಲಿತನು. ಮುಂದೆ ಹಳೆ ಗೋವೆಯ ಯೇಸುಸಭೆಯ ಸಂತ ಪೌಲರ ಕಾಲೇಜಿನಲ್ಲಿ ಸಾಹಿತ್ಯವನ್ನೂ, ಡೊಮಿನಿಕನ್ ಗುರುಗಳ ಸಂತ ಥೋಮಸ್ ಅಕ್ವಿನಾಸರ ವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರವನ್ನೂ ಅಭ್ಯಾಸ ಮಾಡಿ, 1676ರಲ್ಲಿ ಯಾಜಕದೀಕ್ಷೆ ಪಡೆದರು.

ಅಕ್ವಿನಾಸರ ತತ್ತ್ವವನ್ನು ಓದಿದವರಿಗೆ ಅದರ ಗಾಂಭೀರ್ಯ ಗೊತ್ತು. ಅಲ್ಲಿ ಕಾರಣ, ಕಾರ್ಯ, ಸತ್ತೆ, ಸ್ವರೂಪಗಳ ಸೂಕ್ಷ್ಮ ವಿವೇಚನೆಯಿದೆ. ಆ ವಿದ್ಯೆಯನ್ನು ಪೂರ್ಣವಾಗಿ ಅರಗಿಸಿಕೊಂಡ ಈ ಯುವ ಯಾಜಕರು ಪಂಡಿತರ ಸಭೆಯನ್ನು ಅರಸಿ ಹೋಗಲಿಲ್ಲ. ದೀಕ್ಷೆಯಾದ ಮೇಲೆ ಪಾದರಕ್ಷೆಗಳನ್ನು ತ್ಯಜಿಸಿ, ಬಡವರಂತೆ ಬಾಳತೊಡಗಿದರು. ಸಾಂಕವಾಳದಲ್ಲಿ ಹುಡುಗರಿಗಾಗಿ ಲತೀನ್ ಶಾಲೆಯೊಂದನ್ನು ತೆರೆದರು. 1677ರ ಆಗಸ್ಟ್ 5ರಂದು ಅಲ್ಲಿನ ದೇವಾಲಯದಲ್ಲಿ, ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಸಮರ್ಪಿಸಿಕೊಂಡರು. ತಿಳಿದವನು ತಿಳಿಯದವನ ಬಳಿಗೆ ಇಳಿದು ಹೋಗಬೇಕಾದರೆ ಮೊದಲು ದಾಸನಾಗಬೇಕು. ಅವರ ಮುಂದಿನ ಬದುಕೆಲ್ಲ ಈ ಸಮರ್ಪಣೆಯ ವಿವರಣೆಯಂತಿದೆ.

ನಮ್ಮ ಕರಾವಳಿಯಲ್ಲಿ ಮೂರು ವರ್ಷ

ಸಿಲೋನ್ ದ್ವೀಪಕ್ಕೆ, ಎಂದರೆ ಇಂದಿನ ಶ್ರೀಲಂಕೆಗೆ, ಹೋಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಗೋವೆಯ ಧರ್ಮಾಧಿಕಾರಿಗಳು 1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಿದರು. ಆಗ ಆ ನಾಡು ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆಯಲ್ಲಿತ್ತು. ಮಂಗಳೂರು, ಬಸ್ರೂರು, ಬಾರ್ಕೂರು, ಕಲ್ಯಾಣಪುರ, ಕುಂದಾಪುರ, ಗಂಗೊಳ್ಳಿಗಳಲ್ಲಿ ಕ್ರೈಸ್ತ ಕುಟುಂಬಗಳಿದ್ದರೂ ಯಾಜಕರ ಕೊರತೆ ಬಹಳವಾಗಿತ್ತು.

ಇದರ ಜೊತೆಗೆ ಇನ್ನೊಂದು ತೊಡಕು. ಪೋರ್ಚುಗಲ್ ಅರಸರ ಹಕ್ಕಿಗೆ ಒಳಪಟ್ಟ ಗೋವೆಯ ಅಧಿಕಾರವೊಂದು, ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷ ಥೋಮಸ್ ದೆ ಕಾಸ್ತ್ರೊ ಅವರ ಅಧಿಕಾರವೊಂದು. ಹೀಗೆ ಎರಡು ಅಧಿಕಾರಗಳ ನಡುವೆ ವಿವಾದ ಎದ್ದಿತ್ತು. ಯಾರು ನೀಡಿದ ಸಂಸ್ಕಾರ ಸಿಂಧು, ಯಾರು ನೀಡಿದ್ದು ಅಸಿಂಧು ಎಂದು ತಿಳಿಯದೆ ಬಡ ವಿಶ್ವಾಸಿಗಳು ಕಂಗಾಲಾಗಿದ್ದರು. ಮಗುವಿನ ದೀಕ್ಷಾಸ್ನಾನವಾಗಲಿ, ಮಗಳ ವಿವಾಹವಾಗಲಿ, ಎಲ್ಲದರ ಮೇಲೂ ಸಂಶಯದ ನೆರಳು. ಗೋವೆಯ ಅಧಿಕಾರದಿಂದ ನೇಮಕಗೊಂಡಿದ್ದ ಜೋಸೆಫ್ ವಾಜರು ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿದ್ದುಕೊಂಡೇ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು, ಜನರ ಮನಶ್ಶಾಂತಿ ಕೆಡದಂತೆ ನಡೆದುಕೊಂಡರು. ಮನೆಮನೆಗೆ ಹೋಗಿ ಉಪದೇಶ ನೀಡಿದರು. ದೇವಾಲಯಗಳನ್ನು ಜೀರ್ಣೋದ್ಧಾರ ಮಾಡಿಸಿದರು, ಮಕ್ಕಳಿಗೆ ಶಾಲೆಗಳನ್ನು ತೆರೆದರು, ಭಕ್ತರ ಸಂಘಗಳನ್ನು ಸ್ಥಾಪಿಸಿದರು. ಸಂಘಗಳ ಉದ್ದೇಶ ಸ್ಪಷ್ಟವಾಗಿತ್ತು: ಯಾಜಕರು ಊರಿನಲ್ಲಿಲ್ಲದ ದಿನವೂ ಪ್ರಾರ್ಥನೆಯ ಧ್ವನಿ ನಿಲ್ಲಬಾರದು.

ದಕ್ಷಿಣ ಕನ್ನಡದ ಮುಡಿಪು ಗುಡ್ಡದ ಮೇಲೆ, ತಮ್ಮನ್ನು ಮೋಸದಿಂದ ಕರೆತಂದವರ ಮುಂದೆ ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ನೀರಿನ ಸೆಲೆ ಚಿಮ್ಮಿತೆಂಬುದು ಪರಂಪರೆಯ ನಂಬಿಕೆ. ಆ ಸ್ಥಳ ಇಂದು ಯಾತ್ರಾಕ್ಷೇತ್ರವಾಗಿದೆ. ಅವರ ಕೆನರಾ ಸೇವೆಯ ಅಷ್ಟೇ ದೊಡ್ಡ ಫಲವೆಂದರೆ, 1684ರಲ್ಲಿ ಅವರು ಗೋವೆಗೆ ಮರಳಿದಾಗ ಹಿಂದೆ ಉಳಿದ ಪ್ರಾರ್ಥಿಸಬಲ್ಲ ಕುಟುಂಬಗಳು.

ಗುರುವಿಲ್ಲದ ಮಂದೆಯನ್ನರಸಿ

ಗೋವೆಗೆ ಮರಳಿದ ವಾಜರು 1685ರಲ್ಲಿ ಗೋವೆಯ ಕೆಲವು ಯಾಜಕರ ಗುಂಪನ್ನು ಸೇರಿದರು. ಅದು ಸಂತ ಫಿಲಿಪ್ ನೇರಿಯವರ ಒರಟೋರಿಯನ್ ಸಭೆಯ ಮಾದರಿಯಲ್ಲಿ ರೂಪುಗೊಂಡಿತು. ಫಿಲಿಪ್ ನೇರಿ ಹದಿನಾರನೆಯ ಶತಮಾನದ ರೋಮ್ ನಗರದಲ್ಲಿ ಸರಳ ಮಾತು, ಸಂಭಾಷಣೆ, ಹಾಡುಗಳ ಮೂಲಕ ಅಂಗಡಿಯವರಿಗೂ ಕುಶಲಕರ್ಮಿಗಳಿಗೂ ದೇವರ ವಾಕ್ಯವನ್ನು ತಲುಪಿಸಿದ ಸಂತರು. ಈ ಮಾದರಿಯೇ ವಾಜರಿಗೆ ಒದಗಿದ್ದು ದೈವಸಂಕಲ್ಪವೆಂದೇ ಹೇಳಬೇಕು.

ಸಿಲೋನಿನಲ್ಲಿ ಆಗ ಪರಿಸ್ಥಿತಿ ಕಠಿಣವಾಗಿತ್ತು. 1658ರ ಹೊತ್ತಿಗೆ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಸಂಪೂರ್ಣವಾಗಿ ಹೊರದೂಡಿದ್ದರು. ಕಥೋಲಿಕ ಯಾಜಕರನ್ನು ಗಡಿಪಾರು ಮಾಡಿ, ಯಾಜಕನಿಗೆ ಆಶ್ರಯ ನೀಡಿದವರಿಗೆ ಮರಣದಂಡನೆಯೆಂದು ಸಾರಿದ್ದರು. ಕ್ರೈಸ್ತಸಭೆಗಳ ನಡುವಿನ ಆ ಹಗೆತನ ಇಂದು ಕಳೆದುಹೋದ ಕಾಲದ ಮಾತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ನಾವು ಪರಸ್ಪರ ಸಹೋದರರೆಂದು ಬಾಳಲು ಕಲಿಯುತ್ತಿದ್ದೇವೆ. ಆದರೆ ಅಂದು ಸುಮಾರು ಮೂವತ್ತು ವರ್ಷಗಳ ಕಾಲ ಆ ದ್ವೀಪದ ಕಥೋಲಿಕರು ಬಲಿಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ ಬದುಕಿದರು.

1686ರಲ್ಲಿ ಹೊರಟ ವಾಜರು, ಜಾನ್ ಎಂಬ ನಿಷ್ಠಾವಂತ ಸೇವಕನೊಡನೆ ತೂತುಕುಡಿಯ ಮೂಲಕ 1687ರಲ್ಲಿ ಜಾಫ್ನಾ ತಲುಪಿದರು. ಉಟ್ಟಿದ್ದು ಕೂಲಿಯವನ ಬಟ್ಟೆ, ದೇಹದಲ್ಲಿ ಆಮಶಂಕೆಯ ಬಾಧೆ. ಕಥೋಲಿಕರು ಯಾರೆಂದು ಕೇಳುವಂತಿಲ್ಲ, ತಾನು ಯಾರೆಂದು ಹೇಳುವಂತಿಲ್ಲ. ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡಿದರು. ಆ ಮಣಿಗಳನ್ನು ಕಂಡು ಯಾರ ಕಣ್ಣು ಹೊಳೆಯಿತೋ ಆ ಮನೆಯವರು ತಮ್ಮವರೆಂದು ತಿಳಿದರು. ಮೂವತ್ತು ವರ್ಷ ಆ ಮನೆಗಳಲ್ಲಿ ವಿಶ್ವಾಸದ ಕಿಡಿಯನ್ನು ಕಾಪಾಡಿದ್ದವರು ಯಾರು? ಸಂಜೆಯ ಜಪವನ್ನು ಬಿಡದ ತಾಯಂದಿರು, ಅಜ್ಜಿಯರು, ಮನೆಯ ಹಿರಿಯರು. ವಾಜರು ಮುಂದೆ ಕಟ್ಟಿದ್ದೆಲ್ಲವೂ ಈ ಅಡಿಗಲ್ಲಿನ ಮೇಲೆಯೇ.

ಜನರ ನುಡಿಯಲ್ಲಿ ಉಪದೇಶ

ಅವರು ಮೊದಲು ಮಾಡಿದ ಕೆಲಸ ತಮಿಳನ್ನು ಕಲಿತದ್ದು. ಸಿಲ್ಲಾಲೈ ಎಂಬ ಹಳ್ಳಿಯನ್ನು ನೆಲೆಯಾಗಿಸಿಕೊಂಡು ರಾತ್ರಿಯ ಹೊತ್ತು ಗುಪ್ತವಾಗಿ ಸಂಚರಿಸಿ ಸಂಸ್ಕಾರಗಳನ್ನು ನೀಡಿದರು. ಕ್ರಿಸ್ಮಸ್ ರಾತ್ರಿಯ ಪೂಜೆಗೆ ಸೇರಿದವರ ಮೇಲೆ ದಾಳಿ ನಡೆದು ಅನೇಕರು ಸೆರೆಯಾದ ನಂತರ ಪುತ್ತಲಂ ಕಡೆಗೆ ಸರಿದರು. 1692ರಲ್ಲಿ ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದಾಗ, ಪೋರ್ಚುಗೀಸ್ ಗೂಢಚಾರನೆಂಬ ಆರೋಪದ ಮೇಲೆ ಅವರನ್ನೇ ಬಂಧಿಸಲಾಯಿತು. ಸೆರೆಯ ಏಕಾಂತವನ್ನು ಅವರು ಸಿಂಹಳ ಭಾಷೆ ಕಲಿಯಲು ಬಳಸಿಕೊಂಡರು. ಕ್ರಮೇಣ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರ ಸಾಧುತನವನ್ನು ಮೆಚ್ಚಿ ಸಂಚಾರ ಸ್ವಾತಂತ್ರ್ಯ ಕೊಟ್ಟನು. ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಸುರಿಯಿತೆಂಬ ಕಥನವೂ ಈ ಕಾಲದ್ದೇ.

ಪ್ರಾರ್ಥನೆಗಳನ್ನೂ ಧರ್ಮೋಪದೇಶದ ಪಾಠಗಳನ್ನೂ ಜನರ ಭಾಷೆಯಲ್ಲಿ ಸಿದ್ಧಪಡಿಸುವುದು ಅವರ ಮುಖ್ಯ ಕಾಯಕವಾಯಿತು. ಇದಕ್ಕಿಂತ ಮುಖ್ಯವಾದದ್ದು, ಪ್ರತಿ ಊರಿನಲ್ಲೂ ಗೃಹಸ್ಥರಲ್ಲೇ ಯೋಗ್ಯರಾದವರನ್ನು ಆರಿಸಿ ಉಪದೇಶಿಗಳನ್ನಾಗಿ ನೇಮಿಸಿದ್ದು. ಭಾನುವಾರ ಜನರನ್ನು ಸೇರಿಸಿ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಪಾಠ ಹೇಳುವುದು, ಸಾಯುವ ಸ್ಥಿತಿಯಲ್ಲಿರುವವರಿಗೆ ದೀಕ್ಷಾಸ್ನಾನ ಕೊಡುವುದು, ರೋಗಿಗಳ ಸುದ್ದಿಯನ್ನು ಯಾಜಕರಿಗೆ ಮುಟ್ಟಿಸುವುದು ಇವರ ಹೊಣೆ. ಯಾಜಕರು ವರ್ಷಕ್ಕೊಮ್ಮೆ ಬಂದರೂ ಊರಿನ ಧರ್ಮಸಭೆ ವರ್ಷವಿಡೀ ಜೀವಂತವಾಗಿರುತ್ತಿತ್ತು. 1705ರಲ್ಲಿ ಬಂದು ಸೇರಿದ ಗೋವೆಯವರೇ ಆದ ಜಾಕೋಮೆ ಗೊನ್ಸಾಲ್ವೆಸ್ ಗುರುಗಳು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿ ಈ ಕಾರ್ಯವನ್ನು ಮುಂದುವರಿಸಿದರು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಅರಮನೆಯವರೂ ಸೇರಿದಂತೆ ಜನ ಊರು ಬಿಟ್ಟು ಓಡಿದರು. ಕಾಡಿಗೆ ತಳ್ಳಲ್ಪಟ್ಟ ರೋಗಿಗಳನ್ನು ಜಾತಿ ಮತ ನೋಡದೆ ವಾಜರು ಶುಶ್ರೂಷೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. ಮನುಷ್ಯನು ದೇವರ ಪ್ರತಿರೂಪ ಎಂಬ ಧರ್ಮಸತ್ಯವನ್ನು ಓದು ಬಾರದವರಿಗೂ ತಿಳಿಯುವಂತೆ ಹೇಳಲು ಇದಕ್ಕಿಂತ ಬೇರೆ ಪಾಠ ಬೇಕಿರಲಿಲ್ಲ. ಮುಂದೆ ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ವಿನಯದಿಂದ ನಿರಾಕರಿಸಿದ ಅವರು, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. ಜಗದ್ಗುರು ಎರಡನೆಯ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊ ನಗರದಲ್ಲಿ ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು ಅದೇ ನಗರದಲ್ಲಿ 2015ರ ಜನವರಿ 14ರಂದು ಸಂತರೆಂದೂ ಘೋಷಿಸಿದರು.

ನಮಗೆ ಅವರ ಪಾಠ

ಕೊಪ್ಪಳ ಸೀಮೆಯ ನಮಗೆ ಈ ಸಂತರು ದೂರದವರೆನಿಸಬಹುದು. ಆದರೆ ಜನರ ನುಡಿಯಲ್ಲಿ ಧರ್ಮವನ್ನು ಹೇಳಬೇಕೆಂಬ ವಿವೇಕ ಈ ಕನ್ನಡ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಮಾತಿನಲ್ಲೇ ಪರತತ್ತ್ವವನ್ನು ನುಡಿದ ನಾಡಿದು. ಪಕ್ಕದ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಬಿಜಾಪುರದ ಆದಿಲ್‌ಶಾಹಿ ಕಾಲದಿಂದಲೂ ಕ್ರೈಸ್ತ ಕುಟುಂಬಗಳಿವೆ. ಶತಮಾನಗಳ ಕಾಲ ವಿಶ್ವಾಸವು ಮನೆಗಳಲ್ಲಿ ಉಳಿದು ಬರಬಲ್ಲುದು ಎಂಬುದಕ್ಕೆ ನೆರೆಯಲ್ಲೇ ಸಾಕ್ಷಿಯಿದೆ.

ಗಿಣಿಗೇರಾದಂತಹ ಊರಿನ ಸ್ಥಿತಿಯನ್ನು ಯೋಚಿಸಿರಿ. ರೈಲು ಕೂಡುವ ನಿಲ್ದಾಣ, ಉಕ್ಕಿನ ಕಾರ್ಖಾನೆಗಳು, ಪಾಳಿಯ ದುಡಿಮೆ. ತಂದೆಗೆ ಭಾನುವಾರ ಬೆಳಗಿನ ಪಾಳಿಯಾದರೆ ಬಲಿಪೂಜೆ ತಪ್ಪುತ್ತದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ. ಇಂತಹ ಕಡೆ ಧರ್ಮೋಪದೇಶವನ್ನು ವಾರಕ್ಕೊಂದು ಗಂಟೆಯ ತರಗತಿಗೆ ಮಾತ್ರ ಬಿಟ್ಟರೆ ಮಕ್ಕಳ ಪಾಲಿಗೆ ಉಳಿಯುವುದು ಅಲ್ಪವೇ. ಉಪದೇಶವು ಮತ್ತೆ ಮನೆಯಂಗಳಕ್ಕೆ ಬರಬೇಕು.

ಅದು ಕಷ್ಟವೂ ಅಲ್ಲ. ಜೋಳದ ರೊಟ್ಟಿ ಬಡಿಯುವ ತಾಯಿ, ಮೊದಲ ರೊಟ್ಟಿಯನ್ನು ಹಸಿದು ಬಂದವರಿಗೆ ಕೊಡುವಾಗ, ಒಂದೇ ರೊಟ್ಟಿಯನ್ನು ಮುರಿದು ಎಲ್ಲರಿಗೂ ತನ್ನನ್ನು ಹಂಚಿಕೊಟ್ಟ ಪ್ರಭುವಿನ ಮಾತನ್ನು ಮಗುವಿಗೆ ಹೇಳಬಲ್ಲಳು. ಹೊಲದ ಬದುವಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಸಂಜೆ ಪರಲೋಕ ಮಂತ್ರವನ್ನು ಹೇಳುವಾಗ ಕ್ಷಮೆಯ ಬೇಡಿಕೆಯ ಬಳಿ ಒಂದು ಕ್ಷಣ ನಿಂತರೆ, ಪಾಪಪರಿಹಾರದ ದೈವಶಾಸ್ತ್ರ ಅವರಿಗೆ ಅರ್ಥವಾದಂತೆಯೇ. ಗುತ್ತಿಗೆಯ ಕೂಲಿಕಾರನನ್ನು ಹೆಸರು ಹಿಡಿದು ಗೌರವದಿಂದ ಕರೆಯುವ ಮೇಲ್ವಿಚಾರಕನು ಸೃಷ್ಟಿಯ ಸಿದ್ಧಾಂತವನ್ನು ಪಾಲಿಸುತ್ತಿದ್ದಾನೆ. ನವೆಂಬರ್ 2ರಂದು ಅಜ್ಜನ ಸಮಾಧಿಯ ಬಳಿ ಮೇಣದಬತ್ತಿ ಹಚ್ಚುವಾಗ, ಮೃತರೂ ನಾವೂ ಒಂದೇ ಕುಟುಂಬವೆಂಬ ಸತ್ಯವನ್ನು ಮೊಮ್ಮಕ್ಕಳಿಗೆ ವಿವರಿಸಲು ಪದವಿ ಬೇಕಾಗಿಲ್ಲ.

ಧರ್ಮಸಭೆಯು ಈ ದಾರಿಯನ್ನು ಅಧಿಕೃತವಾಗಿಯೇ ತೆರೆದಿಟ್ಟಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಭಾಷೆಗೆ ಸ್ಥಾನ ಕೊಟ್ಟಿತು. 1992ರಲ್ಲಿ ಕಥೋಲಿಕ ಧರ್ಮಸಭೆಯ ಸಮಗ್ರ ಧರ್ಮೋಪದೇಶ ಗ್ರಂಥ ಪ್ರಕಟವಾಯಿತು. 2021ರ ಮೇ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸರು ಗೃಹಸ್ಥ ಉಪದೇಶಿಗಳ ಸೇವೆಯನ್ನು ಧರ್ಮಸಭೆಯ ಶಾಶ್ವತ ಸೇವೆಯಾಗಿ ಸ್ಥಾಪಿಸಿದರು. ಸಂತ ಜೋಸೆಫ್ ವಾಜರು ಸಿಲೋನಿನ ಹಳ್ಳಿಗಳಲ್ಲಿ ಮೂರು ಶತಮಾನಗಳ ಹಿಂದೆ ಮಾಡಿದ್ದಕ್ಕೂ ಇದಕ್ಕೂ ಇರುವ ಸಾಮ್ಯ ಎದ್ದು ಕಾಣುತ್ತದೆ.

ಜನವರಿ 16 ಅವರ ಸ್ಮರಣೆಯ ದಿನ. ಆ ದಿನಕ್ಕಾಗಿ ಕಾಯದೆ, ಇಂದಿನ ಸಂಜೆಯಿಂದಲೇ ಪ್ರತಿ ಮನೆಯಲ್ಲಿ ಹತ್ತು ನಿಮಿಷ ಮೀಸಲಿಡೋಣ. ವಿಶ್ವಾಸ ಪ್ರಮಾಣದ ಒಂದು ವಾಕ್ಯವನ್ನು ತೆಗೆದುಕೊಂಡು, ಆ ದಿನದ ನಮ್ಮ ಬದುಕಿನಲ್ಲಿ ಅದು ಎಲ್ಲಿ ಕಂಡಿತೆಂದು ಮನೆಮಂದಿಯೆಲ್ಲ ಮಾತನಾಡೋಣ. ಪಾಳಿ ಮುಗಿಸಿ ಬಂದವರೂ ಕೂಡಿಕೊಳ್ಳಲಿ, ಮಕ್ಕಳು ಪ್ರಶ್ನೆ ಕೇಳಲಿ. ಉತ್ತರ ತಿಳಿಯದಿದ್ದರೆ ಭಾನುವಾರ ಗುರುಗಳನ್ನು ಕೇಳಿರಿ. ಕೊರಳಿನ ಜಪಸರವನ್ನು ಕಂಡು ಬಾಗಿಲು ತೆರೆದ ಜಾಫ್ನಾದ ಆ ಮನೆಯವರಂತೆ ನಮ್ಮ ಮನೆಯವರೂ ವಿಶ್ವಾಸವನ್ನು ಗುರುತಿಸುವವರಾಗಲಿ. ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ.