ರೊನಾಲ್ಡ್ ರಾಸ್: ರೋಗವನ್ನು ಎಣಿಸಲು ಕಲಿಸಿದ ದಂಡಿನ ಡಾಕ್ಟರ್

ಮಳೆಗಾಲ ಬಂತೆಂದರೆ ಬನಶಂಕರಿ, ಜಯನಗರ, ಜೆ.ಪಿ. ನಗರದ ಮನೆಗಳ ಮುಂದೆ ಆರೋಗ್ಯ ಕಾರ್ಯಕರ್ತೆಯರು ನಿಂತು ಸಂಪಿನ ಮುಚ್ಚಳ ತೆಗೆಸುವುದು, ನೀರಿನ ಡ್ರಮ್ಮು, ಹೂಕುಂಡಗಳೊಳಗೆ ಇಣುಕಿ ಲಾರ್ವಾ ಇದೆಯೇ ಎಂದು ನೋಡುವುದು, ಹಾಳೆಯಲ್ಲಿ ಬರೆದುಕೊಳ್ಳುವುದು ಈಗ ರೂಢಿಯ ದೃಶ್ಯ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು. ಮನೆಯಂಗಳದ ನೀರಿಗೂ ಮನೆಯೊಳಗಿನ ಸೊಳ್ಳೆಗೂ ಇರುವ ಈ ನಂಟನ್ನು ಇದೇ ಊರಿನಲ್ಲಿ, 1883ರಲ್ಲಿ, ಇಪ್ಪತ್ತಾರರ ಹರೆಯದ ಸೇನಾ ವೈದ್ಯರೊಬ್ಬರು ಕಣ್ಣಾರೆ ಕಂಡಿದ್ದರು. ಹತ್ತೊಂಬತ್ತು ವರ್ಷಗಳ ಬಳಿಕ ನೊಬೆಲ್ ಪ್ರಶಸ್ತಿ ಪಡೆದ ಸರ್ ರೊನಾಲ್ಡ್ ರಾಸ್ ಅವರೇ ಆ ವೈದ್ಯರು.

ರಾಸ್ ಹುಟ್ಟಿದ್ದು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ, 1857ರ ಮೇ 13ರಂದು. ಮೀರತ್‌ನಲ್ಲಿ ಸಿಪಾಯಿಗಳು ಬಂಡೆದ್ದು ಆಗ ಮೂರೇ ದಿನಗಳಾಗಿದ್ದವು. ತಂದೆ ಬ್ರಿಟಿಷ್ ಭಾರತದ ಸೇನಾಧಿಕಾರಿ. ಎಂಟನೆಯ ವಯಸ್ಸಿಗೆ ಹುಡುಗನನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರಿಗೆ ಒಲವಿದ್ದುದು ಚಿತ್ರ, ಕಾವ್ಯ, ಸಂಗೀತಗಳಲ್ಲಿ. ತಂದೆಯ ಹಟಕ್ಕೆ ಕಟ್ಟುಬಿದ್ದು ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ಓದಿದರು. ಮನಸ್ಸಿಲ್ಲದ ಓದು ಹೇಗಿರಬೇಕೋ ಹಾಗೆಯೇ ಇತ್ತು. ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ, 1881ರಲ್ಲಿ ಹೇಗೋ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದ್ರಾಸ್ ಪ್ರಾಂತಕ್ಕೆ ಬಂದರು.

ಎರಡು ವರ್ಷಗಳಲ್ಲಿ ಬೆಂಗಳೂರಿನ ದಂಡಿಗೆ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ವರ್ಗವಾಯಿತು. ಊರು ಹಿಡಿಸಿತು, ಬಂಗಲೆಯೂ ಹಿಡಿಸಿತು, ಸೊಳ್ಳೆಗಳ ಕಾಟವೊಂದನ್ನು ಬಿಟ್ಟು. ತಮ್ಮ ಕೋಣೆಯಲ್ಲಿ ಮಾತ್ರ ಇಷ್ಟೊಂದು ಸೊಳ್ಳೆ ಏಕೆಂದು ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿಸಿದರು, ಸೊಳ್ಳೆ ಇಳಿಯಿತು. ಸಂತೋಷದಿಂದ ದಂಡಿನ ಅಧಿಕಾರಿಯೊಬ್ಬರ ಬಳಿ ಹೋಗಿ, ಊಟದ ಮನೆಯ ಸುತ್ತಲಿನ ಪಾತ್ರೆ ಪಡಗಗಳನ್ನೂ ಹೀಗೆಯೇ ಬರಿದು ಮಾಡಿಸಬಹುದಲ್ಲ ಎಂದರು. ಸೃಷ್ಟಿಕ್ರಮಕ್ಕೆ ಕೈಹಾಕುವುದು ಸಲ್ಲದೆಂದು ಆ ಅಧಿಕಾರಿ ಒಪ್ಪಲಿಲ್ಲ. ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧವಿದೆಯೆಂಬುದು ಆಗ ಯಾರಿಗೂ ಖಚಿತವಿರಲಿಲ್ಲ, ರಾಸ್ ಅವರಿಗೂ ಇಲ್ಲ. ಆದರೂ ಅವರ ಮುಂದಿನ ಜೀವನದ ಎರಡು ಎಳೆಗಳು ಇಲ್ಲಿ ಕಾಣುತ್ತವೆ: ಕಾರಣವನ್ನು ಮೂಲದಲ್ಲಿಯೇ ನೀಗುವುದು, ಮತ್ತು ಅದಕ್ಕೆ ಆಡಳಿತವನ್ನು ಒಪ್ಪಿಸಲಾರದೆ ಸೋಲುವುದು.

ಮುಂದಿನ ಕೆಲವು ವರ್ಷಗಳನ್ನು ಬರ್ಮಾ, ಅಂಡಮಾನ್ ಮುಂತಾದೆಡೆ ಸಾಧಾರಣ ಸೇನಾ ವೈದ್ಯರಂತೆಯೇ ಕಳೆದರು. ಬಿಡುವಿನಲ್ಲಿ ಕಾದಂಬರಿ ಬರೆದರು. ಗುರುವಿಲ್ಲದೆ ಗಣಿತ ಕಲಿತರು. ಆ ಗಣಿತ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1888ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ, ಆಗಷ್ಟೇ ಆರಂಭವಾಗಿದ್ದ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದು ಸೂಕ್ಷ್ಮಜೀವಿ ಶಾಸ್ತ್ರದ ತರಬೇತಿಯನ್ನೂ ಮುಗಿಸಿದರು. ಮೂವತ್ತು ದಾಟಿದ ಸರ್ಕಾರಿ ವೈದ್ಯರು ಸ್ವಂತ ಆಸಕ್ತಿಯಿಂದ ಮತ್ತೆ ಪಾಠಕ್ಕೆ ಕೂರುವುದು ಆ ಕಾಲಕ್ಕೆ ಅಪರೂಪ.

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಭೇಟಿಯಾಯಿತು. ಫ್ರೆಂಚ್ ಸೇನಾ ವೈದ್ಯ ಲಾವೆರಾನ್ 1880ರಲ್ಲಿ ಮಲೇರಿಯಾ ರೋಗಿಗಳ ರಕ್ತದಲ್ಲಿ ಕಂಡಿದ್ದ ಪರಾವಲಂಬಿ ಜೀವಿಯನ್ನು ರಾಸ್ ಅಲ್ಲಿಯವರೆಗೂ ನಂಬಿರಲಿಲ್ಲ. ಮ್ಯಾನ್ಸನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಸೊಳ್ಳೆಯೇ ಅದರ ವಾಹಕವಿರಬಹುದೆಂಬ ತಮ್ಮ ಊಹೆಯನ್ನೂ ಮುಂದಿಟ್ಟರು. ಮರುವರ್ಷ ಭಾರತಕ್ಕೆ ಮರಳಿದ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆ ಸೀಳತೊಡಗಿದರು. ಕಂಡದ್ದನ್ನೆಲ್ಲ ಮ್ಯಾನ್ಸನ್‌ಗೆ ಬರೆಯುತ್ತಿದ್ದರು. ಹಡಗಿನ ಅಂಚೆ ತಲುಪಲು ವಾರಗಳೇ ಬೇಕಿದ್ದ ಕಾಲದಲ್ಲಿ, ನಾಲ್ಕು ವರ್ಷಗಳಲ್ಲಿ ರಾಸ್ ಬರೆದ ಪತ್ರಗಳು ನೂರಕ್ಕೂ ಹೆಚ್ಚು. ಪ್ರಯೋಗಾಲಯವಿಲ್ಲದ, ಜೊತೆಗಾರರಿಲ್ಲದ ದಂಡಿನ ವೈದ್ಯರಿಗೆ ಆ ಪತ್ರಗಳೇ ವಿದ್ವತ್ಸಭೆ.

ಕೆಲಸ ಕುದುರುತ್ತಿರುವಾಗಲೇ, 1895ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಹೊರಡಲು ಆದೇಶ ಬಂತು. ದಂಡಿನಲ್ಲಿ ಕಾಲರಾ ಹರಡಿತ್ತು.

ರಾಸ್ ಅವರ ಜೀವನಕಥೆಗಳಲ್ಲಿ ಬೆಂಗಳೂರಿನ ಈ ಅವಧಿಗೆ ಸಿಗುವುದು ಒಂದೆರಡು ಪುಟ. ಸಂಶೋಧನೆಗೆ ಬಂದ ಅಡ್ಡಿಯೆಂದೇ ಅದನ್ನು ಕಾಣುವುದು ವಾಡಿಕೆ. ಸ್ವತಃ ರಾಸ್ ಅವರೂ ಆಗ ಚಡಪಡಿಸಿದ್ದುಂಟು. ಆದರೆ ಆ ಹೊತ್ತಿನ ಬೆಂಗಳೂರನ್ನು ನೆನೆದರೆ ಬೇರೆಯೇ ಚಿತ್ರ ಕಾಣುತ್ತದೆ. ಊರು ಎರಡು ಆಡಳಿತಗಳಲ್ಲಿ ಹಂಚಿಹೋಗಿತ್ತು: ಪೇಟೆ ಮೈಸೂರು ಸಂಸ್ಥಾನಕ್ಕೆ, ದಂಡು ಬ್ರಿಟಿಷ್ ರೆಸಿಡೆಂಟರಿಗೆ. ಎರಡೂ ಸೇರಿ 1891ರ ಜನಗಣತಿಯಂತೆ ಸುಮಾರು 1.8 ಲಕ್ಷ ಜನ. ಹೆಸರಘಟ್ಟದಿಂದ ಕೊಳವೆ ನೀರು ತರುವ ದಿವಾನ್ ಶೇಷಾದ್ರಿ ಅಯ್ಯರ್ ಅವರ ಯೋಜನೆ ಆಗಷ್ಟೇ ರೂಪುಗೊಳ್ಳುತ್ತಿತ್ತು. ಬಡವರ ಕೇರಿಗಳಿಗೆ ಬಾವಿಯೇ ಗತಿ. ಕೊಳೆತ ಚರಂಡಿಯ ಪಕ್ಕದಲ್ಲಿಯೇ ಕುಡಿಯುವ ನೀರಿನ ಬಾವಿ ಇರುವುದು ಸಾಮಾನ್ಯವಾಗಿತ್ತು. ಕಾಲರಾ ನೀರಿನಿಂದ ಹರಡುತ್ತದೆಂದು ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲಿಯೇ ಸತ್ತವರ ಮನೆಗಳನ್ನು ಗುರುತಿಸಿ ತೋರಿಸಿದ್ದರೂ, ಭಾರತದ ವೈದ್ಯಾಧಿಕಾರಿಗಳಲ್ಲಿ ಕೆಟ್ಟ ಗಾಳಿ, ಮಣ್ಣು, ಹವಾಮಾನಗಳನ್ನೇ ದೂರುವವರು ಇನ್ನೂ ಇದ್ದರು.

ರಾಸ್ ಬೆಳಗಾಗುತ್ತಲೇ ಕೇರಿಗಳನ್ನು ಸುತ್ತಿದರು. ಚರಂಡಿ, ಬಾವಿ, ಕಕ್ಕಸು, ಕಸದ ಗಾಡಿ, ಎಲ್ಲವನ್ನೂ ತಾವೇ ನೋಡಿದರು. ದಂಡಿನ ನೈರ್ಮಲ್ಯದ ಹೊಣೆ ಅವರಿಗೆ ಬಂತು. ಕಾಲರಾ, ಊರಿನ ಸ್ವಚ್ಛತೆ ಹಾಗೂ ನೈರ್ಮಲ್ಯ ಇಲಾಖೆಯ ನಿಯಮಗಳ ಕುರಿತು ವಿಸ್ತಾರವಾದ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿದರು. ಔಷಧ ಕೊಡುವ ವೈದ್ಯರೊಬ್ಬರು ಕಸ ಎತ್ತುವವರ ಸಂಖ್ಯೆ, ಮೇಸ್ತ್ರಿಗಳ ಹೊಣೆ, ಅಧಿಕಾರದ ಮೆಟ್ಟಿಲುಗಳ ಬಗ್ಗೆ ತಲೆಕೆಡಿಸಿಕೊಳ್ಳುವಂತಾದದ್ದು ಬೆಂಗಳೂರಿನಲ್ಲಿ. ಮುಂದೆ 1902ರಲ್ಲಿ ಸೊಳ್ಳೆ ಪಡೆಗಳನ್ನು ಸಂಘಟಿಸುವ ಬಗೆಯನ್ನು ಪುಸ್ತಕವಾಗಿ ಬರೆದಾಗ ಅವರು ಹೇಳಿದ್ದು ಕೂಲಿ, ಮೇಲ್ವಿಚಾರಣೆ, ವರದಿಗಳ ಕುರಿತಾದ ಇಂಥ ಮಾತುಗಳನ್ನೇ. ಅದರ ಬೇರು ಈ ಊರಿನ ಕೇರಿಗಳಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಮಲೇರಿಯಾವನ್ನೂ ಅವರು ಕೈಬಿಟ್ಟಿರಲಿಲ್ಲ. ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರೊಬ್ಬರು, ರಾಸ್ ತಮ್ಮ ಬರಹಗಳಲ್ಲಿ ಅಪ್ಪಿಯಾ ಎಂದು ಕರೆದಿರುವವರು, ರೋಗಿಯ ರಕ್ತ ಹೀರಿದ ಸೊಳ್ಳೆಗಳಿಗೆ ತಮ್ಮ ಮೈಯೊಡ್ಡಿದರು. ಜ್ವರ ಬರಲಿಲ್ಲ. ಸೊಳ್ಳೆಯ ಜಾತಿಯೇ ಬೇರೆಯಾಗಿತ್ತೆಂಬುದು ಆಗ ಇಬ್ಬರಿಗೂ ತಿಳಿಯದು. ವಿಜ್ಞಾನದ ಇತಿಹಾಸ ಆ ಬೆಂಗಳೂರು ವೈದ್ಯರನ್ನು ಬಹುಮಟ್ಟಿಗೆ ಮರೆತಿದೆ.

1897ರಲ್ಲಿ ಬೆಂಗಳೂರಿನ ಹೊಣೆಯಿಂದ ಬಿಡುಗಡೆಯಾಯಿತು. ನೀಲಗಿರಿಯ ಸಿಗೂರ್ ಘಾಟಿಯಲ್ಲಿ ಅಲೆದು ತಾವೇ ಮಲೇರಿಯಾಕ್ಕೆ ತುತ್ತಾದ ರಾಸ್, ಸಿಕಂದರಾಬಾದಿಗೆ ಮರಳಿದರು. ಹುಸೇನ್ ಖಾನ್ ಎಂಬ ರೋಗಿಗೆ, ಕಚ್ಚಿದ ಒಂದೊಂದು ಸೊಳ್ಳೆಗೂ ಒಂದಾಣೆಯಂತೆ ಕೊಟ್ಟು, ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಸೊಳ್ಳೆಗಳನ್ನು ಬಿಟ್ಟರು. ಆಗಸ್ಟ್ 20ರಂದು ಅಂಥ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರಾವಲಂಬಿಯ ಕಪ್ಪು ಕಣಗಳು ಕಂಡವು. ಆ ದಿನವೇ ಇಂದಿಗೂ ವಿಶ್ವ ಸೊಳ್ಳೆ ದಿನ. ಕಂಡು ತಿಂಗಳಾಗುವಷ್ಟರಲ್ಲಿ ಮತ್ತೆ ವರ್ಗ, ಈ ಬಾರಿ ರಜಪುತಾನದ ಖೇರ್‌ವಾಡಕ್ಕೆ. ಮ್ಯಾನ್ಸನ್ ಲಂಡನ್ನಿನಲ್ಲಿ ಒತ್ತಾಯ ತಂದ ಮೇಲೆ 1898ರಲ್ಲಿ ಕಲ್ಕತ್ತೆಯಲ್ಲಿ ಸಂಶೋಧನೆಗೆ ಅವಕಾಶ ಸಿಕ್ಕಿತು. ಅಲ್ಲಿ ಮಹಮ್ಮದ್ ಬಕ್ಷ್ ಎಂಬ ಸಹಾಯಕನ ನೆರವಿನಿಂದ ಹಕ್ಕಿಗಳ ಮಲೇರಿಯಾವನ್ನು ಹಿಡಿದು, ಪರಾವಲಂಬಿ ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಸಾಗಿ ಕಡಿತದ ಮೂಲಕ ಹರಡುವುದನ್ನು ಜುಲೈ ತಿಂಗಳಲ್ಲಿ ಸಾಬೀತುಪಡಿಸಿದರು. ಅದೇ ವರ್ಷದ ಕೊನೆಗೆ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾಕ್ಕೆ ಅನಾಫಿಲಿಸ್ ಸೊಳ್ಳೆಯೇ ವಾಹಕವೆಂದು ತೋರಿಸಿದರು.

1899ರಲ್ಲಿ ಸೇವೆಗೆ ವಿದಾಯ ಹೇಳಿ, ಹಿಂದಿನ ವರ್ಷ ತಲೆಯೆತ್ತಿದ್ದ ಲಿವರ್‌ಪೂಲ್ ಉಷ್ಣವಲಯ ವೈದ್ಯ ಶಾಲೆಯಲ್ಲಿ ಅಧ್ಯಾಪಕರಾದರು. 1902ರಲ್ಲಿ ನೊಬೆಲ್ ಬಂತು. ಇಲ್ಲಿಗೆ ಕಥೆ ಮುಗಿಸುವವರೇ ಹೆಚ್ಚು. ಆದರೆ ಆರೋಗ್ಯ ಸೇವೆಯ ದೃಷ್ಟಿಯಿಂದ ರಾಸ್ ಅವರ ದೊಡ್ಡ ಕೆಲಸ ಮೊದಲಾಗುವುದೇ ಇಲ್ಲಿಂದ.

ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ ಪಟ್ಟಣದಲ್ಲಿ ಅವರ ಸಲಹೆಯಂತೆ 1902ರಿಂದ ನಿಂತ ನೀರು ಬತ್ತಿಸುವ ಕಾರ್ಯ ನಡೆಯಿತು. ವರ್ಷಕ್ಕೆ 1,500 ಮೀರಿದ್ದ ಮಲೇರಿಯಾ ಪ್ರಕರಣಗಳು 1905ರ ವೇಳೆಗೆ 50ಕ್ಕೂ ಕೆಳಗಿಳಿದವು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಅದೇ ಕ್ರಮ ವಿಫಲವಾಯಿತೆಂದು ಭಾರತ ಸರ್ಕಾರದ ವೈದ್ಯರು ವರದಿ ಕೊಟ್ಟರು. ಕೆಲಸದ ಪ್ರದೇಶ ತೀರ ಚಿಕ್ಕದು, ನೆರೆಯಿಂದ ಸೊಳ್ಳೆ ಬರುತ್ತದೆ, ಸೊಳ್ಳೆ ಎಷ್ಟು ಇಳಿಯಿತೆಂದು ಅಳೆಯದೆ ಫಲಿತಾಂಶ ಹೇಳುವುದು ಹೇಗೆ ಎಂದು ರಾಸ್ ವಾದಿಸಿದರು. ಈ ಜಗಳದಿಂದಲೇ ಅವರ ಗಣಿತ ಮೊನೆಗೊಂಡಿತು ಎನ್ನಬಹುದು.

1907-08ರಲ್ಲಿ ಮಾರಿಷಸ್‌ಗೆ ಕರೆ ಬಂದಾಗ ಅವರು ಮೊದಲು ಕೇಳಿದ್ದು ಅಂಕಿ. ಸಾವಿರಾರು ಶಾಲಾ ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ಊದಿದೆಯೇ ಎಂದು ಪರೀಕ್ಷಿಸಿ, ಯಾವ ಊರಿನಲ್ಲಿ ಎಷ್ಟು ಮಲೇರಿಯಾ ಎಂಬ ಲೆಕ್ಕ ಹಾಕಲಾಯಿತು. ಜ್ವರವೆಂದು ಬರೆದಿಟ್ಟ ಮರಣ ದಾಖಲೆಗಳಿಗಿಂತ ಇದು ಎಷ್ಟೋ ನಂಬತಕ್ಕದ್ದು. ಸಾಮಾನ್ಯ ತರಬೇತಿ ಪಡೆದವರೂ ಮಾಡಬಹುದಾದದ್ದು. ಆ ವರದಿಯಲ್ಲಿ ಒಂದು ಸಮೀಕರಣವೂ ಇತ್ತು. ಒಬ್ಬ ರೋಗಿಯಿಂದ ಸೊಳ್ಳೆಗಳ ಮೂಲಕ ಸರಾಸರಿ ಒಬ್ಬರಿಗಿಂತ ಕಡಿಮೆ ಜನಕ್ಕೆ ರೋಗ ತಗಲುವಂತಾದರೆ ಮಲೇರಿಯಾ ತಾನಾಗಿ ನಶಿಸುತ್ತದೆ. ಆದ್ದರಿಂದ ಕಟ್ಟಕಡೆಯ ಸೊಳ್ಳೆಯವರೆಗೂ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆಯನ್ನು ಒಂದು ಮಿತಿಯಿಂದ ಕೆಳಗಿಳಿಸಿದರೆ ಸಾಕು. 2020ರ ಕೊರೊನಾ ದಿನಗಳಲ್ಲಿ ಟಿ.ವಿ. ಪರದೆಯ ಮೇಲೆ ಕಾಣುತ್ತಿದ್ದ ಆರ್ ಸಂಖ್ಯೆಯ ಹಿಂದಿರುವುದು ಈ ವಿಚಾರವೇ. 1916-17ರಲ್ಲಿ ಹಿಲ್ಡಾ ಹಡ್ಸನ್ ಎಂಬ ಗಣಿತಜ್ಞೆಯ ಜೊತೆಗೂಡಿ ಅವರು ಇದನ್ನು ಎಲ್ಲ ಸಾಂಕ್ರಾಮಿಕಗಳಿಗೂ ಅನ್ವಯಿಸುವಂತೆ ಬೆಳೆಸಿದರು. 1901ರಲ್ಲಿ ಅವರೊಡನೆ ಸಿಯೆರಾ ಲಿಯೋನ್‌ಗೆ ಹೋಗಿದ್ದ ತರುಣ ವೈದ್ಯ ಮೆಕೆಂಡ್ರಿಕ್, ಮುಂದೆ ಭಾರತದಲ್ಲಿ ದುಡಿದು ಆ ಶಾಸ್ತ್ರದ ಇನ್ನೊಬ್ಬ ಮೂಲಪುರುಷರಾದರು.

ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಸಹಕಾರದಿಂದ ಮಲೇರಿಯಾ ಸಮೀಕ್ಷೆಗೆ ಇಳಿದಾಗ ಅನುಸರಿಸಿದ್ದು ಈ ದಾರಿಯನ್ನೇ. ನಾಗೇನಹಳ್ಳಿ, ಮೂಡಿಗೆರೆ, ಹಿರಿಯೂರುಗಳಲ್ಲಿ ಅಧ್ಯಯನ ಕೇಂದ್ರಗಳು ತೆರೆದವು. ಮೊದಲು ಎಣಿಕೆ, ಅದಕ್ಕೆ ಬೇಕಾದ ಸ್ಥಳೀಯ ಸಿಬ್ಬಂದಿಯ ತರಬೇತಿ, ಆಮೇಲೆ ಹತೋಟಿ.

ಸಹಕಾರದಿಂದಲೇ ಮೇಲೆ ಬಂದ ರಾಸ್ ಅದನ್ನು ಉಳಿಸಿಕೊಳ್ಳಲಾರದೆ ಹೋದರು ಎಂಬುದನ್ನೂ ಹೇಳಬೇಕು. ಗ್ರಾಸಿ ಅವರೊಂದಿಗಿನ ಶ್ರೇಯಸ್ಸಿನ ಕಲಹ ದಶಕಗಳ ಕಾಲ ಎಳೆಯಿತು. ಅದರಲ್ಲಿ ರಾಸ್ ಬಳಸಿದ ಭಾಷೆ ಅವರಿಗೆ ಶೋಭೆ ತರುವಂಥದಲ್ಲ. ಕೊನೆಗೆ, ತಮ್ಮ ಕೈಹಿಡಿದು ನಡೆಸಿದ ಮ್ಯಾನ್ಸನ್ ಅವರ ಮೇಲೆಯೇ, ಯಾರದೋ ನೇಮಕಕ್ಕೆ ಬರೆದ ಶಿಫಾರಸು ಪತ್ರದಲ್ಲಿ ತಮಗೆ ಅವಮಾನವಾಗಿದೆಯೆಂದು 1912ರಲ್ಲಿ ಮಾನನಷ್ಟದ ಹೆಜ್ಜೆಯಿಟ್ಟರು. ವಿವಾದ ರಾಜಿಯಲ್ಲಿ ಮುಗಿದರೂ ಗೆಳೆತನ ಉಳಿಯಲಿಲ್ಲ. ಸರ್ಕಾರ ತಮ್ಮ ಸಂಶೋಧನೆಗೆ ತಕ್ಕ ಸಂಭಾವನೆ ಕೊಡಲಿಲ್ಲವೆಂಬ ಕೊರಗಂತೂ ಕಡೆಯವರೆಗೂ ಇತ್ತು. 1914ರಲ್ಲಿ ಮಗನೊಬ್ಬ ಯುದ್ಧರಂಗದಲ್ಲಿ ತೀರಿಕೊಂಡ.

1926ರಲ್ಲಿ ಅವರ ಹೆಸರಿನ ಸಂಸ್ಥೆಯೊಂದು ಲಂಡನ್ನಿನ ಪಟ್ನಿಯಲ್ಲಿ ಆರಂಭವಾಯಿತು. ಮರುವರ್ಷದ ಆರಂಭದಲ್ಲಿ ಕಲ್ಕತ್ತೆಗೆ ಬಂದು, ತಾವು ದುಡಿದ ಆಸ್ಪತ್ರೆಯ ಬಳಿ ಕಟ್ಟಿದ ಸ್ಮಾರಕ ದ್ವಾರವನ್ನು ನೋಡಿದರು. 1928ರಲ್ಲಿ, ಹೆಂಡತಿಗೆ ಏನಾದರೂ ಆಧಾರವಿರಲೆಂದು, ತಮ್ಮ ಕಾಗದಪತ್ರಗಳನ್ನೆಲ್ಲ ಮಾರಾಟಕ್ಕಿಟ್ಟರು. ಲೇಡಿ ಹೂಸ್ಟನ್ ಅವುಗಳನ್ನು 2,000 ಪೌಂಡ್ ಕೊಟ್ಟು ಕೊಂಡು ರಾಸ್ ಸಂಸ್ಥೆಗೇ ದಾನವಾಗಿತ್ತರು. ಪತ್ನಿ ರೋಸಾ 1931ರಲ್ಲಿ ತೀರಿಕೊಂಡರು. ರಾಸ್ 1932ರ ಸೆಪ್ಟೆಂಬರ್ 16ರಂದು ತಮ್ಮ ಹೆಸರಿನ ಆ ಸಂಸ್ಥೆಯಲ್ಲಿಯೇ ಕಣ್ಣುಮುಚ್ಚಿದರು. ಇಬ್ಬರ ಸಮಾಧಿಯೂ ಪಟ್ನಿಯಲ್ಲಿದೆ.