ಆಲ್ಬರ್ಟ್ ಗುಡ್ಮುಂಡ್ಸನ್: ಹಿಮದ್ವೀಪದ ಬಿಳಿಯ ಮುತ್ತು

ಉತ್ತರ ಅಟ್ಲಾಂಟಿಕ್ ಸಾಗರದ ಐಸ್‌ಲ್ಯಾಂಡ್ ದ್ವೀಪದಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾದದ್ದು 1912ರಲ್ಲಿ. ಕಣದಲ್ಲಿದ್ದ ತಂಡಗಳು ಮೂರೇ. ರಾಜಧಾನಿ ರೇಕ್ಯವಿಕ್‌ನವು ಎರಡು, ದಕ್ಷಿಣ ತೀರದಾಚೆಯ ವೆಸ್ಟ್‌ಮನ್ ದ್ವೀಪಗಳದ್ದು ಒಂದು. ದೋಣಿಯೇರಿ ಬಂದ ಈ ಮೂರನೆಯವರು ಒಂದು ಪಂದ್ಯ ಸೋತು, ಗಾಯಾಳುಗಳು ಹೆಚ್ಚಿದ್ದರಿಂದ ಹಿಂದೆ ಸರಿದರು. ಉಳಿದಿಬ್ಬರಲ್ಲಿ ಗೆದ್ದ ಕೆ.ಆರ್. ತಂಡ ಪ್ರಥಮ ಚಾಂಪಿಯನ್ ಎನಿಸಿತು. ಮುಂದಿನ ಎರಡು ವರ್ಷ ಫ್ರಾಮ್ ತಂಡಕ್ಕೆ ಎದುರಾಳಿಯೇ ಸಿಗದೆ ಪ್ರಶಸ್ತಿ ತಾನಾಗಿ ಒಲಿಯಿತು.

ಜಲ್ಲಿಕಲ್ಲಿನ ಮೈದಾನ, ಬೇಸಿಗೆಯ ಕೆಲವೇ ತಿಂಗಳ ಆಟ, ಹಗಲು ದುಡಿದು ಸಂಜೆ ಚೆಂಡಿನ ಬೆನ್ನು ಹತ್ತುವ ಹವ್ಯಾಸಿಗಳು. ಇಂತಹ ಲೀಗ್‌ನಿಂದ ಹೊರಟು ಫುಟ್‌ಬಾಲನ್ನೇ ವೃತ್ತಿಯಾಗಿಸಿಕೊಂಡ ಪ್ರಥಮ ಐಸ್‌ಲ್ಯಾಂಡಿಗ ಆಲ್ಬರ್ಟ್ ಗುಡ್ಮುಂಡ್ಸನ್. ಗುಡ್ಮುಂಡ್ಸನ್ ಎಂಬುದು ಮನೆತನದ ಹೆಸರಲ್ಲ, ಗುಡ್ಮುಂಡನ ಮಗ ಎಂದಷ್ಟೇ ಅದರ ಅರ್ಥ. ತಂದೆಯ ಹೆಸರಿನ ಮೊದಲಕ್ಷರ ಹೊತ್ತು ತಿರುಗುವ ನಮ್ಮವರಿಗೆ ಇದೇನೂ ವಿಚಿತ್ರವಲ್ಲ. ಅಲ್ಲಿನವರು ಇಂದಿಗೂ ಅವರನ್ನು ಆಲ್ಬರ್ಟ್ ಎಂದೇ ಸ್ಮರಿಸುತ್ತಾರೆ.

1923ರ ಅಕ್ಟೋಬರ್ 5ರಂದು ರೇಕ್ಯವಿಕ್‌ನಲ್ಲಿ ಜನಿಸಿದ ಆಲ್ಬರ್ಟ್, ಆ ದಿನಗಳಲ್ಲಿ ಲೀಗ್‌ನ ಬಲಿಷ್ಠ ತಂಡವಾಗಿದ್ದ ವಾಲೂರ್‌ನಲ್ಲಿ ಬೆಳೆದರು. 1944ರಲ್ಲಿ ದೇಶವು ಡೆನ್ಮಾರ್ಕ್‌ನ ಅರಸೊತ್ತಿಗೆಯಿಂದ ಬಿಡುಗಡೆ ಹೊಂದಿ ಗಣರಾಜ್ಯವಾಯಿತು. ಆಗಿನ ಜನಸಂಖ್ಯೆ ಸುಮಾರು ಒಂದೂಕಾಲು ಲಕ್ಷ. ಅದೇ ವರ್ಷ ವಾಣಿಜ್ಯ ವ್ಯಾಸಂಗಕ್ಕೆಂದು ಗ್ಲಾಸ್ಗೋ ನಗರಕ್ಕೆ ತೆರಳಿದ ಆಲ್ಬರ್ಟ್, ಅಲ್ಲಿನ ರೇಂಜರ್ಸ್ ತಂಡದ ಅಂಗಿ ತೊಟ್ಟರು. 1946ರಲ್ಲಿ ಲಂಡನ್‌ನ ಆರ್ಸೆನಲ್ ಪರ ಎರಡು ಲೀಗ್ ಪಂದ್ಯಗಳನ್ನೂ ಆಡಿದರು. ಆದರೆ ಬ್ರಿಟನ್‌ನಲ್ಲಿ ವೃತ್ತಿಪರನಾಗಿ ಆಡಲು ಕೆಲಸದ ಪರವಾನಗಿ ದೊರೆಯಲಿಲ್ಲ. ಒಂದು ಕಾಗದದ ಕೊರತೆ ಅವರ ದಾರಿಯನ್ನು ಫ್ರಾನ್ಸ್‌ನತ್ತ ತಿರುಗಿಸಿತು.

1947ರಲ್ಲಿ ನಾನ್ಸಿ, ಮರುವರ್ಷ ಇಟಲಿಯ ಎ.ಸಿ. ಮಿಲಾನ್, ಬಳಿಕ ಪ್ಯಾರಿಸ್‌ನ ರೇಸಿಂಗ್ ಕ್ಲಬ್, ಕೊನೆಗೆ ನೀಸ್. ಮಿಲಾನ್‌ನಲ್ಲಿ ಮೊಣಕಾಲಿನ ಪೆಟ್ಟು ಕಾಡಿತಾದರೂ ಫ್ರಾನ್ಸ್‌ನಲ್ಲಿ ಅವರ ಕೀರ್ತಿ ಬೆಳಗಿತು. ಬಿಳಿಯ ಮುತ್ತು ಎಂಬ ಬಿರುದು ಅಂಟಿಕೊಂಡದ್ದೂ ಆಗಲೇ.

ಇಷ್ಟು ದೊಡ್ಡ ಆಟಗಾರ ಸ್ವದೇಶದ ಪರ ಆಡಿದ ಅಂತರರಾಷ್ಟ್ರೀಯ ಪಂದ್ಯಗಳೆಷ್ಟು? ಕೇವಲ ಆರು. 1946ರ ಜುಲೈನಲ್ಲಿ ರೇಕ್ಯವಿಕ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ದೇಶ ತನ್ನ ಮೊಟ್ಟಮೊದಲ ಪಂದ್ಯವಾಡಿ 3–0ರಿಂದ ಸೋತಾಗ ಅವರು ತಂಡದಲ್ಲಿದ್ದರು. ಮರುವರ್ಷ ನಾರ್ವೆ ಎದುರು ಎರಡು ಗೋಲು ಹೊಡೆದರು. ಆಮೇಲಿನ ಅವರ ಉತ್ತಮ ವರ್ಷಗಳೆಲ್ಲ ಪರದೇಶದ ಪಾಲಾದವು. ಪುಟ್ಟ ದ್ವೀಪದ ಲೀಗ್‌ಗೆ ಅಂಟಿದ ಸಂಕಟವಿದು: ಬೆಳೆಸಿದ ಪ್ರತಿಭೆಯನ್ನು ಉಳಿಸಿಕೊಳ್ಳಲಾಗದು, ಉಳಿಸಿಕೊಂಡರೆ ಪ್ರತಿಭೆ ಬೆಳೆಯದು.

ಆಲ್ಬರ್ಟ್ ಮರಳಿ ಬಂದರು. ವ್ಯಾಪಾರ ಆರಂಭಿಸಿದರು, ವಾಲೂರ್‌ಗೆ ಮತ್ತೆ ಆಡಿದರು, ರಾಜಧಾನಿಯ ನೆರೆಯ ಎಫ್.ಎಚ್. ತಂಡಕ್ಕೆ ತರಬೇತಿ ನೀಡಿದರು. ಲೀಗ್ ಕೂಡ ಬದಲಾಗುತ್ತಿತ್ತು. ದಶಕಗಳ ಕಾಲ ರೇಕ್ಯವಿಕ್‌ನ ಸ್ವತ್ತಾಗಿದ್ದ ಪ್ರಶಸ್ತಿಯನ್ನು 1951ರಲ್ಲಿ ಮೀನುಗಾರರ ಪಟ್ಟಣ ಅಕ್ರಾನೆಸ್ ಕಸಿದುಕೊಂಡಿತ್ತು. 1955ರಲ್ಲಿ ಬಡ್ತಿ-ಹಿಂಬಡ್ತಿಯ ಎರಡು ವಿಭಾಗಗಳು ಬಂದವು.

1967ರ ಆಗಸ್ಟ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ 14–2ರಿಂದ ಐಸ್‌ಲ್ಯಾಂಡನ್ನು ಬಗ್ಗುಬಡಿಯಿತು. ಆ ಅಂಕಿ ಅಲ್ಲಿನವರಿಗೆ ಇಂದಿಗೂ ಮರೆಯಲಾಗದ ಗಾಯ. ಮರುವರ್ಷವೇ ಆಲ್ಬರ್ಟ್ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾದರು. ಅದೇ ಸೆಪ್ಟೆಂಬರ್‌ನಲ್ಲಿ ಲೀಗ್ ಚಾಂಪಿಯನ್ ವಾಲೂರ್, ಯುಸೇಬಿಯೊ ಅವರಿದ್ದ ಪೋರ್ಚುಗಲ್‌ನ ಬೆನ್‌ಫಿಕಾ ತಂಡವನ್ನು ರೇಕ್ಯವಿಕ್‌ನಲ್ಲಿ ಗೋಲಿಲ್ಲದ ಡ್ರಾದಲ್ಲಿ ತಡೆಯಿತು. ನೋಡಲು ನೆರೆದವರು 18 ಸಾವಿರಕ್ಕೂ ಹೆಚ್ಚು. ಲಿಸ್ಬನ್‌ನಲ್ಲಿ ನಡೆದ ಮರುಪಂದ್ಯದಲ್ಲಿ ಬೆನ್‌ಫಿಕಾ ಸೇಡು ತೀರಿಸಿಕೊಂಡಿತೆನ್ನಿ. 1973ರವರೆಗೆ ಆಲ್ಬರ್ಟ್ ಆ ಹುದ್ದೆಯಲ್ಲಿದ್ದರು. ಅವರು ಕೆಳಗಿಳಿದ ವರ್ಷವೇ ಆಸ್ಗೇರ್ ಸಿಗುರ್ವಿನ್ಸನ್ ಎಂಬ ತರುಣ ಬೆಲ್ಜಿಯಂನ ಸ್ಟಾಂಡರ್ಡ್ ಲಿಯೇಜ್ ಸೇರಿದ. ಆಲ್ಬರ್ಟ್ ತುಳಿದ ಹಾದಿ ಹೆದ್ದಾರಿಯಾಗತೊಡಗಿತ್ತು.

ರಾಜಕೀಯದಲ್ಲಿ ಅವರ ಆಟ ಅಷ್ಟು ನಯವಾಗಿರಲಿಲ್ಲ. 1974ರಲ್ಲಿ ಸಂಸತ್ತು ಪ್ರವೇಶಿಸಿ, 1980ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಶೇ 20ರಷ್ಟು ಮತ ಗಳಿಸಿದರೂ ಮೂರನೆಯವರಾದರು. ಗೆದ್ದವರು ವಿಗ್ದಿಸ್ ಫಿನ್‌ಬೊಗಾಡೊಟಿರ್, ಜನರಿಂದ ನೇರವಾಗಿ ಚುನಾಯಿತರಾದ ಜಗತ್ತಿನ ಪ್ರಥಮ ಮಹಿಳಾ ರಾಷ್ಟ್ರಾಧ್ಯಕ್ಷೆ. 1983ರಲ್ಲಿ ಆಲ್ಬರ್ಟ್ ಹಣಕಾಸು ಸಚಿವರಾದರು. ನಾಯಿ ಸಾಕುವುದು ನಿಷಿದ್ಧವಾಗಿದ್ದ ರೇಕ್ಯವಿಕ್‌ನಲ್ಲಿ ಸಚಿವರೇ ಲೂಸಿ ಎಂಬ ನಾಯಿ ಸಾಕಿ ದಂಡಕ್ಕೆ ಗುರಿಯಾದದ್ದು ಹೊರದೇಶಗಳಲ್ಲೂ ಸುದ್ದಿಯಾಯಿತು. 1987ರಲ್ಲಿ ತೆರಿಗೆ ವಿವರದಿಂದ ಹಡಗು ಕಂಪನಿಯೊಂದರ ಹಣ ಬಿಟ್ಟುಹೋಗಿದ್ದ ಪ್ರಕರಣದಲ್ಲಿ ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಬೇಕಾಯಿತು. ಈ ಕಳಂಕವನ್ನು ಮರೆಮಾಚುವಂತಿಲ್ಲ. ಮತದಾರರು ಮಾತ್ರ ಕೈಬಿಡಲಿಲ್ಲ. ಅವಸರದಲ್ಲಿ ಕಟ್ಟಿದ ಹೊಸ ಪಕ್ಷಕ್ಕೆ ಮರುತಿಂಗಳ ಚುನಾವಣೆಯಲ್ಲಿ ಏಳು ಸ್ಥಾನಗಳು ಬಂದವು. ಬಳಿಕ ಅವರು ರಾಯಭಾರಿಯಾಗಿ, ತಮಗೆ ಹೆಸರು ತಂದ ಪ್ಯಾರಿಸ್‌ಗೇ ತೆರಳಿದರು. 1994ರ ಏಪ್ರಿಲ್ 7ರಂದು ನಿಧನರಾದರು.

ಮಗ ಇಂಗಿ ಬ್ಯೋರ್ನ್ ವಾಲೂರ್ ಪರ ಗೋಲುಗಳ ಸುರಿಮಳೆಗರೆದು ಲೀಗ್‌ನ ಅಗ್ರ ಗೋಲುಗಾರರ ಸಾಲಿಗೆ ಸೇರಿದರು. ಇಂಗಿಯ ಮಗಳ ಮಗನ ಹೆಸರೂ ಆಲ್ಬರ್ಟ್ ಗುಡ್ಮುಂಡ್ಸನ್. 2024ರ ಮಾರ್ಚ್‌ನಲ್ಲಿ ಇಸ್ರೇಲ್ ವಿರುದ್ಧ ಈತ ರಾಷ್ಟ್ರತಂಡಕ್ಕಾಗಿ ಹ್ಯಾಟ್ರಿಕ್ ಹೊಡೆದಾಗ, ವೃತ್ತಿ ಅರಸಿ ಸೇರಿದ್ದು ಮುತ್ತಜ್ಜ ಆಡಿದ್ದ ಇಟಲಿಯ ಲೀಗ್‌ನಲ್ಲೇ. ರೇಕ್ಯವಿಕ್‌ನ ರಾಷ್ಟ್ರೀಯ ಕ್ರೀಡಾಂಗಣದ ಎದುರು 2010ರಿಂದ ಹಿರಿಯ ಆಲ್ಬರ್ಟ್ ಅವರ ಪ್ರತಿಮೆ ನಿಂತಿದೆ.