ಎಂಟನೆಯ ತರಗತಿಗೆ ಸಿರಿಯಜ್ಜಿಯ ಕಥೆ

ಮತ್ತೋಡು ಕಡೆಯ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ. ಅಂದು ವಿಜ್ಞಾನದಲ್ಲಿ ಹದಿಹರೆಯದ ಪಾಠವಿತ್ತು. ಗೊಲ್ಲರಹಟ್ಟಿಯ ಹುಡುಗಿಯೊಬ್ಬಳು ಮೂರು ದಿನದಿಂದ ಬಂದಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ನಾನೂ ಕಾಡುಗೊಲ್ಲರ ಮಗಳೇ. ಆದರೂ ಹಾಜರಿ ಹಾಕುವಾಗ ಆ ಹೆಸರನ್ನು ಸುಮ್ಮನೆ ದಾಟಿಬಿಟ್ಟೆ.

ಪೀಠಿಕೆಗೆಂದು ಮಾಡಿಕೊಂಡಿದ್ದ ಚಾರ್ಟನ್ನು ಬದಿಗಿಟ್ಟು ಸಿರಿಯಜ್ಜಿಯ ಬದುಕನ್ನು ಹೇಳಲು ತೊಡಗಿದೆ. ಅವರು ನಮ್ಮ ಜಿಲ್ಲೆಯವರೇ, ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯವರು. ತೀರಿಕೊಂಡು ಬಹಳ ವರ್ಷಗಳಾದವು. ಅಕ್ಷರ ಕಲಿತವರಲ್ಲ. ಹಿರಿಯರ ಬಾಯಿಂದ ಕೇಳಿ ಕೇಳಿಯೇ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು: ನಮ್ಮ ಕುಲದ ವೀರರ ಕಥೆ, ದೇವರ ಪದ, ಮದುವೆಯ ಸೋಬಾನೆ. ಕೃಷ್ಣಮೂರ್ತಿ ಹನೂರರು ಹಟ್ಟಿಗೆ ಹೋಗಿ, ಕೂತು ಕೇಳಿ ಸಂಗ್ರಹಿಸಿದರು. ಹಾಗಾಗಿ ಆ ಪದಗಳು ಹಟ್ಟಿಯ ಆಚೆಗೂ ಬಂದವು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ದೊಡ್ಡ ದೊಡ್ಡ ಸಾಹಿತಿಗಳಿಗೆ ಸಲ್ಲುವ ಗೌರವ ಅದು. ಒಂದು ಸಾಲನ್ನೂ ಬರೆಯದವರಿಗೆ ನಾಡೋಜವೇ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ನಕ್ಕ. ಪಂಪ ಬರೆದ, ಅಜ್ಜಿ ನೆನಪಿಟ್ಟುಕೊಂಡರು, ಎರಡೂ ಕೆಲಸವೇ ಎಂದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆಗಲಿಲ್ಲ. ನಮ್ಮಲ್ಲಿ ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗಿರಬೇಕೆಂಬ ಪದ್ಧತಿ ಇದೆ. ದೇವರಿಗೆ ಮೈಲಿಗೆಯಾಗಬಾರದು ಎನ್ನುತ್ತಾರೆ. ನಮ್ಮಜ್ಜಿ ನಮ್ಮವ್ವನನ್ನು ಹೆತ್ತದ್ದು ಬೇಲಿಯಾಚೆಯ ಗುಡಿಸಲಲ್ಲಿ, ಮಳೆಗಾಲದಲ್ಲಿ. ಅವ್ವನನ್ನು ಆ ಬಗ್ಗೆ ಕೇಳಿದರೆ ಒಲೆಯ ಸೌದೆ ಸರಿಮಾಡತೊಡಗುತ್ತಾಳೆ. ನಾನು ಪಿಯುಸಿ ಓದುವಾಗ ಅದೇ ಜಾಗದಲ್ಲಿ ಟಾರ್ಚ್ ಹಿಡಿದು ಪರೀಕ್ಷೆಗೆ ಓದಿದ್ದೇನೆ. ಇದನ್ನು ತರಗತಿಯಲ್ಲಿ ಹೇಳಿದ್ದು ಅದೇ ಮೊದಲು.

ಸಿರಿಯಜ್ಜಿ ಆತ್ಮಕಥೆ ಬರೆದವರಲ್ಲ, ಅವರು ಹಾಡಿದ್ದು ಕುಲದ ಕಥೆಯನ್ನು. ದೇವರ ಪದಗಳನ್ನು ಕಾಪಾಡಿಕೊಂಡು ಬಂದ ಹೆಂಗಸರಿಗೇ ತಿಂಗಳಲ್ಲಿ ಕೆಲವು ದಿನ ಆ ದೇವರ ಹತ್ತಿರ ಜಾಗವಿಲ್ಲ. ಇದು ನನಗೆ ಇನ್ನೂ ಅರಗಿಲ್ಲ. ಆಮೇಲೆ ಪಾಠಕ್ಕೆ ಬಂದೆ. ಮುಟ್ಟೆಂದರೇನು, ಗರ್ಭಕೋಶದ ಒಳಪದರ ಏಕೆ ಕಳಚುತ್ತದೆ ಎಂದು ವಿವರಿಸುವಾಗ ಗಂಡುಹುಡುಗರೂ ತಲೆ ತಗ್ಗಿಸದೆ ಕೇಳಿದರು.

ವೀಕ್ಷಕರು ಪೀಠಿಕೆ ತೀರಾ ಉದ್ದವಾಯಿತು ಎಂದು ಬರೆದರು. ನಿಜ, ಹನ್ನೆರಡು ನಿಮಿಷ ಹಿಡಿದಿತ್ತು.

ಮರುದಿನ ಆ ಹುಡುಗಿ ಬಂದು ಬಿಟ್ಟುಹೋದ ಪಾಠದ ನೋಟ್ಸ್ ಕೇಳಿದಳು. ಕೊಟ್ಟೆ. ಅವಳ ಅಜ್ಜಿಗೂ ಪದ ಬರುತ್ತವಂತೆ.